ಆಸ್ಪತ್ರೆಯೂ ಒಂದು ಸೂರು

ವಾರ್ಡಿನಲ್ಲಿದ್ದ ಲಿಫ್ಟ್ ಮಾಮನಿಗೆ ವಸತಿ ಕಚೇರಿಯಿಂದ ಕೋಣೆ ಸಿಕ್ಕಿದೆ ಎಂದು ಗೊತ್ತಾದ ದಿನ ವಾರ್ಡಿನ ನರ್ಸುಗಳು ತಮಗೇ ಮನೆ ಸಿಕ್ಕಿದಷ್ಟು ಹಿಗ್ಗಿದರು. ನೆಲಮಹಡಿಯ ಕೋಣೆ, ಒಂದು ಮೆಟ್ಟಿಲೂ ಹತ್ತಬೇಕಿಲ್ಲ. ದಿನಾ ಬೆಳಿಗ್ಗೆ ನರ್ಸ್ ಒಬ್ಬಳು ಬಂದು ಇನ್ಸುಲಿನ್ ಚುಚ್ಚಿ, ಅಂಗಾಲಿನ ಹುಣ್ಣಿಗೆ ಪಟ್ಟಿ ಬದಲಿಸಿ ಹೋಗುತ್ತಾಳೆ. ಇಂಥದ್ದೊಂದು ಆಗಲೆಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ವರ್ಷಗಟ್ಟಲೆ ಚಪ್ಪಲಿ ಸವೆಸಿದ್ದಳು. ವಸತಿ ಕಚೇರಿ ಒಂದು ದಿಕ್ಕು, ಆಸ್ಪತ್ರೆ ಇನ್ನೊಂದು ದಿಕ್ಕು ಎಂಬಂತಿದ್ದವರು ಈಗ ಪ್ರತಿ ಸೋಮವಾರ ಒಂದೇ ಮೇಜಿನ ಸುತ್ತ ಕೂರುತ್ತಿದ್ದರೆ ಅದು ಅವಳ ಹಟದಿಂದ.

ಮಾಮ ದೊಡ್ಡದೊಂದು ಅಂಗಡಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದವನು. ಮಲಗುತ್ತಿದ್ದದ್ದೂ ಅದೇ ಕಟ್ಟಡದ ತುದಿಯಲ್ಲಿ, ಲಿಫ್ಟಿನ ಯಂತ್ರವಿದ್ದ ಗೂಡಿನಲ್ಲಿ. ಗುಂಡಿ ಒತ್ತಿದರೆ ತಾನೇ ಹೋಗುವ ಲಿಫ್ಟ್ ಬಂದ ಮೇಲೆ ಕೆಲಸವೂ ಹೋಯಿತು, ಹಾಸಿಗೆಯೂ ಹೋಯಿತು. ಆಮೇಲೆ ಬಸ್ ನಿಲ್ದಾಣದ ಬೆಂಚು. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮೆಲ್ಲಗೆ ತಿಂದುಹಾಕಿದ್ದರಿಂದ, ಬೂಟು ಉಜ್ಜಿ ಎದ್ದ ಬೊಬ್ಬೆ ಹುಣ್ಣಾಗಿ ಮೂಳೆಯ ಹತ್ತಿರ ಹೋದರೂ ಅವನಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡಾಗಲೇ ತಿಳಿದದ್ದು.

ಶುಕ್ರವಾರ ಅವನನ್ನು ಬಿಡುಗಡೆ ಮಾಡಬೇಕಿತ್ತು. ಪಟ್ಟಿ ಬಿಚ್ಚಿದಾಗ ಸಮಾಜ ಕಾರ್ಯಕರ್ತೆಯೂ ಬಗ್ಗಿ ನೋಡಿದಳು. ಅಂಚಿನಲ್ಲಿ ಹೊಸ ಮಾಂಸ ಕೆಂಪಗೆ ಚಿಗುರಿತ್ತು, ನಡುವೆ ಇನ್ನೂ ಒಸರುತ್ತಿತ್ತು. "ಸೋಮವಾರದ ತನಕ ಇಟ್ಕೊಳ್ಳಿ ಡಾಕ್ಟ್ರೇ, ನಿಮ್ಮ ಗಂಟೇನೂ ಹೋಗಲ್ಲ" ಎಂದು ಗೋಗರೆದಳು. ಡಾಕ್ಟರ್ ನಕ್ಕು ಒಪ್ಪಿದರು.

ಸೋಮವಾರದ ಮೇಜಿನಲ್ಲಿ ವಸತಿ ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಎಂಥಾ ಕೆಲಸ ಮಾಡಿದ್ರಿ ಮೇಡಂ! ಆ ಕೋಣೆ ಸೂರಿಲ್ಲದವರಿಗೆ. ಒಂದೇ ಕಡೆ ತಿಂಗಳು ದಾಟಿದ್ರೆ ಆಸ್ಪತ್ರೇನೂ ಸೂರು ಅಂತ ಲೆಕ್ಕ. ಶನಿವಾರಕ್ಕೆ ತಿಂಗಳು ದಾಟಿಹೋಯ್ತು."

"ವಾರ್ಡಿನ ಮಂಚ ಒಂದು ಮನೇನಾ ಸರ್? ಹಾಗಾದ್ರೆ ನೀವೂ ಬಂದು ಸಂಸಾರ ಹೂಡಿ."

"ನನ್ನನ್ನ ಬೈದ್ರೆ ನಿಯಮ ಬದಲಾಗುತ್ತಾ?" ಅವರು ದನಿ ತಗ್ಗಿಸಿದರು. "ಒಂದು ರಾತ್ರಿ ಹೊರಗೆ ಮಲಗಲಿ. ನಮ್ಮ ಗಸ್ತಿನವರು ಕಣ್ಣಾರೆ ನೋಡಿ ಬರ್ಕೊಂಡ್ರೆ ಮತ್ತೆ ಸೂರಿಲ್ಲದವನಾಗ್ತಾನೆ. ನಾಳೆ ಮಧ್ಯಾಹ್ನದ ತನಕ ಕೋಣೆ ತಡೆಹಿಡೀತೀನಿ."

ಕೆಟ್ಟ ಮನುಷ್ಯನಲ್ಲ, ಅದೇ ಅವಳಿಗೆ ಹೆಚ್ಚು ಹಿಂಸೆಯಾಯಿತು. ಸೂರಿಲ್ಲದವರ ರಾತ್ರಿ ತಂಗುದಾಣದಲ್ಲಾದರೂ ಮಲಗಿಸಬಹುದೇ ಎಂದು ಅಲ್ಲಿಯವರನ್ನು ಕೇಳಿದಳು. ಒಳಗೆ ಸೂಜಿ ಬಿಡುವುದಿಲ್ಲ ಎಂದರು, ಅದು ಇನ್ಸುಲಿನ್ನಿನದೇ ಆದರೂ. ಒಂದೇ ರಾತ್ರಿ, ಒಂದೇ ರಾತ್ರಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ವಾರ್ಡಿಗೆ ಬಂದಳು.

ಮಾಮ ಪೂರ್ತಿ ಕೇಳಿಸಿಕೊಂಡ.

"ಅಂದ್ರೆ ಮೇಲೆ ಹೋಗಕ್ಕೆ ಮೊದ್ಲು ಕೆಳಗಿಳೀಬೇಕು. ಅಷ್ಟೇ ತಾನೆ? ಆ ಕೆಲ್ಸಾನೇ ಅಲ್ವಾ ತಾಯಿ ನಾನು ಮಾಡಿದ್ದು?"

"ತಮಾಷೆ ಬೇಡ ಮಾಮ. ಕಾಲು ನೆಲಕ್ಕೆ ಊರಬಾರದು. ಬೆಂಚು ಬಿಟ್ಟು ಏಳಬಾರದು."

"ಎದ್ದು ಎಲ್ಲಿಗೆ ಹೋಗ್ಲಿ? ಅತ್ತೆ ಮನೆಗಾ?"

ಸಂಜೆ ಅವಳೇ ಬಸ್ಸಿನಲ್ಲಿ ಅವನನ್ನು ನಿಲ್ದಾಣದ ಹಳೆಯ ಬೆಂಚಿಗೆ ಕರೆದೊಯ್ದಳು. ಪಟ್ಟಿಯ ಮೇಲೆ ಪ್ಲಾಸ್ಟಿಕ್ ಸುತ್ತಿ, ಕಾಲಿನಡಿಗೆ ತನ್ನ ಶಾಲು ಮಡಿಸಿಟ್ಟು, ಬ್ರೆಡ್ಡು ನೀರು ಕೈಗೆ ಕೊಟ್ಟಳು. ಹೊರಟಾಗ ಅವನು ಕೈಬೀಸಿದ, ಮನೆಗೆ ಬಂದ ನೆಂಟರನ್ನು ಬೀಳ್ಕೊಡುವವನಂತೆ.

ಬೆಳಿಗ್ಗೆ ಆಸ್ಪತ್ರೆಗೆ ಬಂದಾಗ ಗಸ್ತಿನ ವ್ಯಾನು ತುರ್ತು ವಿಭಾಗದ ಬಾಗಿಲಲ್ಲೇ ನಿಂತಿತ್ತು. ಡ್ರೈವರ್ ಮುಖವರಳಿಸಿ ಎದುರು ಬಂದ.

"ನಿಮ್ಮ ಪೇಷಂಟೇ ಅಂತೆ ಮೇಡಂ. ನಿಲ್ದಾಣದ ಕಾವಲುಗಾರ ಬೆಂಚಿಂದ ಬೆಂಚಿಗೆ ಎಬ್ಬಿಸಿ ಓಡಿಸಿದ್ದಾನೆ. ಪಾಪ, ರಾತ್ರಿಯಿಡೀ ನಡೆದಿದ್ದಾರೆ. ಮೈ ಸುಡ್ತಿತ್ತು, ಕಾಲಿಗೆ ಸುತ್ತಿದ ಪ್ಲಾಸ್ಟಿಕ್ ತುಂಬಾ ರಕ್ತ. ತಡ ಮಾಡದೆ ಎತ್ಕೊಂಡು ಬಂದ್ವಿ."

"ಬರ್ಕೊಂಡ್ರಾ? ಬೀದಿಯಲ್ಲಿ ಸಿಕ್ಕಿದ್ರು ಅಂತ?"

"ಆಸ್ಪತ್ರೆಗೆ ತಂದವರನ್ನ ಬೀದಿ ಲೆಕ್ಕಕ್ಕೆ ಹಾಕಲ್ವಲ್ಲ." ಅವನು ಅಚ್ಚರಿಯಿಂದ ನೋಡಿದ. "ಗಾಯ ಇದ್ದವರನ್ನ ಬರೀ ಬರ್ಕೊಂಡು ಬಿಟ್ಟು ಬರಬೇಡಿ, ನೇರ ನಮ್ಮ ಹತ್ರ ತನ್ನಿ ಅಂತ ಮೇಜಿನಲ್ಲಿ ಜಗಳ ಆಡಿದ್ದು ನೀವೇ ಅಂತೆ. ಒಳ್ಳೇದಾಯ್ತು ಬಿಡಿ, ಮೊದಲಾದ್ರೆ ನಾವು ಮುಟ್ತಾನೇ ಇರ್ಲಿಲ್ಲ."

ಹೌದು, ಅವಳೇ. ಮೇಜು ಕುಟ್ಟಿ ಕೇಳಿದ್ದಳು. ಪ್ರತಿಯೊಬ್ಬರೂ ಅವಳು ಬೇಡಿದ್ದನ್ನೇ, ಬೇಡಿದ ಹಾಗೆಯೇ ಮಾಡಿದ್ದರು. ಬೈಯೋಣವೆಂದರೆ ಎದುರಿಗೆ ಒಬ್ಬನೂ ಸಿಗಲಿಲ್ಲ.

ಅಧಿಕಾರಿಗೆ ಫೋನ್ ಮಾಡಿದಳು. "ಕೂಸು ಕಟ್ಕೊಂಡು ಒಬ್ಬ ಹೆಣ್ಣುಮಗಳು ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದಾಳೆ, ಮೇಡಂ. ಏನು ಮಾಡ್ಲಿ, ನೀವೇ ಹೇಳಿ." ಅವಳು ಬೇಡ ಎನ್ನದಿದ್ದುದನ್ನೇ ಒಪ್ಪಿಗೆಯೆಂದು ತಿಳಿದು, ಕೋಣೆ ಆ ತಾಯಿಗೇ ಕೊಡುತ್ತೇನೆಂದು ಹೇಳಿ ಅವರು ಫೋನಿಟ್ಟರು.

ಡಾಕ್ಟರ್ ಕೈ ತೊಳೆಯುತ್ತಿದ್ದರು. ಚಿಗುರಿದ್ದ ಮಾಂಸ ಹರಿದುಹೋಗಿದೆ, ಸೋಂಕು ಕಣಕಾಲಿನವರೆಗೆ ಏರಿದೆ, ರಕ್ತಕ್ಕೂ ಸೇರಿದಂತಿದೆ. ಮಂಡಿಯ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ, ತೆಗೆದರೂ ಭರವಸೆ ಕೊಡಲಾರೆ ಎಂದರು. "ನೀವೇ ಹೇಳಿಬಿಡಿ. ನಿಮ್ಮ ಮಾತು ಕೇಳ್ತಾರೆ."

ಸ್ಟ್ರೆಚರಿನ ಮೇಲೆ ಮಾಮನ ತುಟಿ ಒಣಗಿ ಬಿರಿದಿತ್ತು. ಅವಳನ್ನು ಕಂಡೊಡನೆ ತಪ್ಪು ಮಾಡಿದ ಮಗುವಿನ ಹಾಗೆ ಕಣ್ಣು ತಗ್ಗಿಸಿದ.

"ಕೆಡಿಸಿಬಿಟ್ಟೆ ತಾಯಿ. ನೀನು ಬೆಂಚು ಬಿಡಬೇಡ ಅಂದಿದ್ದೆ. ಆ ಕಾವಲುಗಾರ ಲಾಠಿ ಕುಟ್ತಿದ್ದ, ಏನು ಮಾಡ್ಲಿ? ಇವತ್ತು ಬೇರೆ ಕಡೆ ಮಲಗ್ತೀನಿ. ಮಾರ್ಕೆಟ್ ಹಿಂದೆ ಒಂದು ಜಾಗ ಇದೆ, ಅಲ್ಲಿ ಯಾರೂ ಎಬ್ಬಿಸಲ್ಲ. ಇವರಿಗೆ ಹೇಳಿ ನನ್ನನ್ನ ಬೇಗ ಬಿಡಿಸು."

"ಮಾಮ..."

"ನೋವೇನಿಲ್ಲ, ಆಣೆ. ಕಾಲು ಗಟ್ಟಿಯಾಗೇ ಇದೆ."

ಅವನು ಅದನ್ನು ತೋರಿಸಲು ಹೊದಿಕೆಯೊಳಗೆ ಕಾಲನ್ನು ಆಡಿಸಿದ. ಅವಳು ಹೊದಿಕೆಯ ಮೇಲಿನಿಂದಲೇ ಮಂಡಿಯನ್ನು ಹಿಡಿದು ನಿಲ್ಲಿಸಿದಳು. ಹೇಳಬೇಕಾದ ಮಾತಿನ ಮೊದಲ ಪದ ಯಾವುದೆಂದು ಹುಡುಕುತ್ತ, ಹಿಡಿದ ಕೈ ಬಿಡದೆ ನಿಂತಳು.