ಹದಿನೆಂಟು ಜನರ ಚಪ್ಪಾಳೆ

"ಆ ಕುಂಡಿ ಹಾಗೇ ಇಡಬೇಡ್ರೇ ಮುಂಡೇರಾ, ವೆಲ್ವೆಟ್ ಅದು. ಪೇಪರ್ ಹಾಸ್ಕೊಂಡು ಕೂತ್ಕೊಳ್ಳಿ," ಎಂದು ಮ್ಯಾನೇಜರ್ ಹಳೇ ಪತ್ರಿಕೆಗಳ ಕಟ್ಟನ್ನು ಸೀಟುಗಳ ಮೇಲೆ ಎಸೆದ.

ಪುರಭವನದ ಆ ಕೆಂಪು ಸೀಟುಗಳನ್ನು ದಿನವೂ ಒರೆಸುತ್ತಿದ್ದ ಹದಿನೆಂಟು ಹೆಂಗಸರು ಅವುಗಳಲ್ಲಿ ಕೂತದ್ದು ಅದೇ ಮೊದಲು. ನಗರಸಭೆ ಚುನಾವಣೆಗೆ ಐದೇ ದಿನ ಉಳಿದಿತ್ತು. ವಾರ್ಡಿನ ಮೆಂಬರ್ ಮತ್ತೆ ನಿಂತಿದ್ದ. ಗೆದ್ದರೆ ಊರಿಗೆ ಎಂಥ ಮನರಂಜನೆ, ಎಂಥ ಸಂಸ್ಕೃತಿ ಕೊಡುತ್ತೇನೆಂದು ಹೇಳಲು ಮಧ್ಯಾಹ್ನ ಸಭೆ ಕರೆದಿದ್ದ. ಸಂಸ್ಕೃತಿ ಎಂದ ಕೂಡಲೇ ಊರಿನ ದೊಡ್ಡ ಮನುಷ್ಯರಿಗೆಲ್ಲ ಅದೇನೋ ತುರ್ತು ಕೆಲಸ ಬಂದು, ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ಪತ್ರಿಕೆಯ ಫೋಟೋದವನು ಮಾತ್ರ ಬಂದುಬಿಟ್ಟಿದ್ದ. ಖಾಲಿ ಸೀಟು ಅಚ್ಚಾದರೆ ಮೆಂಬರನ ಮಾನ ಮೂರು ಕಾಸು. ಹಾಗಾಗಿ ಕಸ ಗುಡಿಸುವವರಿಗೆಲ್ಲ ನಾಟಕದ ಪೆಟ್ಟಿಗೆಯಿಂದ ರಾಣಿಯರ ಜರಿ ಸೀರೆ ತೆಗೆದು ಉಡಿಸಿ, ಊರಿನ ಜನ ಎಂದು ಕೂರಿಸಿದ್ದರು.

ಇದರಲ್ಲಿ ಕಿಸಕ್ಕನ ಪಾಡು ಕೇಳಬೇಡಿ. ಕಿಸಕ್ಕೆಂದರೆ ನಿಲ್ಲದ ನಗು ಅವಳದು, ಹೆಸರೂ ಅದರಿಂದಲೇ ಬಂದದ್ದು. ಪಕ್ಕದಲ್ಲಿ ಸೊಸೆ ಜರಿ ಸೆರಗು ಹೊದ್ದು ಗಂಭೀರವಾಗಿ ಕೂತದ್ದು ನೋಡಿಯೇ ಅವಳಿಗೆ ಹೊಟ್ಟೆ ಹುಣ್ಣಾಗಿತ್ತು. ಅಲುಗಿದರೆ ಕೆಳಗಿನ ಪೇಪರ್ ಪರಪರ ಅನ್ನುತ್ತದೆ, ಸದ್ದಾದರೆ ಹದಿನೆಂಟು ರಾಣಿಯರೂ ಸೆರಗು ಬಾಯಿಗೆ ತುರುಕಿಕೊಳ್ಳುತ್ತಾರೆ.

ಮ್ಯಾನೇಜರ್ ಹೇಳಿದ್ದು ಒಂದೇ ಮಾತು: ವೇದಿಕೆಯ ಬದಿಯಿಂದ ಕರ್ಚೀಫು ಎತ್ತುತ್ತೇನೆ, ಎತ್ತಿದಾಗ ಚಪ್ಪಾಳೆ ತಟ್ಟಬೇಕು. ಇದು ಕಿಸಕ್ಕನಿಗೆ ನೀರು ಕುಡಿದಷ್ಟು ಸುಲಭ. ಗುಡಿಸುವುದರ ಜೊತೆಗೆ ಇಪ್ಪತ್ತು ವರ್ಷ ಇಲ್ಲಿ ಪರದೆ ಎಳೆದವಳು. ಪರದೆ ಎಳೆಯುವವರು ಮಾತು ಕೇಳಬಾರದು, ಸನ್ನೆ ಮಾಡುವವನ ಕೈ ನೋಡಬೇಕು. ಕೇಳುತ್ತ ಕೂತರೆ ರಾಜ ಸಾಯುವ ಮೊದಲೇ ಪರದೆ ಬೀಳುತ್ತದೆ. ಉಳಿದವರಿಗೂ ಅವಳೇ ಅದನ್ನು ಕಲಿಸಿದ್ದಳು. ಎಲ್ಲರೂ ಮಾತಿಗೆ ಕಿವಿಗೊಡದೆ ಕರ್ಚೀಫನ್ನೇ ನೋಡುತ್ತ ಕೂತರು.

ಮೆಂಬರ್ ಶುರು ಮಾಡಿದ. ಈಜುಕೊಳ ಎಂದ, ಕರ್ಚೀಫು ಎದ್ದಿತು, ತಟ್ಟಿದರು. ಹಿರಿಯರಿಗೆ ನಗೆ ಕ್ಲಬ್ ಎಂದ, ತಟ್ಟಿದರು. ಮೆಂಬರ್ ಜನರ ಒಪ್ಪಿಗೆ ಇದೆಯೇ ಎಂದು ಏನೋ ಕೇಳುತ್ತಿದ್ದಾಗ, ದೀಪದ ಧಗೆಗೆ ಬೆವೆತ ಮ್ಯಾನೇಜರ್ ಕರ್ಚೀಫು ಎತ್ತಿ ಬೋಳುತಲೆ ಒರೆಸಿಕೊಂಡ. ಹದಿನೆಂಟು ಜೋಡಿ ಕೈ ಪಟಪಟನೆ ತಟ್ಟಿದವು.

"ನೋಡಿ, ಜನರೇ ಒಪ್ಪಿದ್ರು," ಎಂದು ಮೆಂಬರ್ ಹಿರಿಹಿರಿ ಹಿಗ್ಗಿದ. "ಹಾಲ್ ಹಿಂದಿನ ಆ ಗಲೀಜು ರೂಮು ನಾಳೇನೇ ಕೆಡವ್ತೀವಿ. ಅಲ್ಲಿ ಕಲಾ ಗ್ಯಾಲರಿ ಬರುತ್ತೆ."

ಸೊಸೆ ಅತ್ತೆಯ ತೊಡೆ ಚಿವುಟಿದಳು. "ಅತ್ತೆ, ಆ ರೂಮು ನಮ್ದು. ಮಗು ಅಲ್ಲೇ ಮಲಗಿದೆ."

ಕಿಸಕ್ಕ ಕರ್ಚೀಫಿನಿಂದ ಕಣ್ಣು ಕಿತ್ತು ಮೆಂಬರನ್ನು ನೋಡಿದಳು. ಗುಡಿಸುವ ಹೆಂಗಸರೆಲ್ಲ ಸೀರೆ ಬದಲಿಸುವುದು, ಉಣ್ಣುವುದು, ಮೂರು ತಿಂಗಳ ಕೂಸಿಗೆ ಜೋಲಿ ಕಟ್ಟುವುದು ಎಲ್ಲ ಆ ಒಂದು ಕೋಣೆಯಲ್ಲಿ. ಅದು ಹೋದರೆ ಸೊಸೆಯ ಕೆಲಸವೂ ಹೋದಂತೆ. ಕೂಸನ್ನು ಬೀದಿಯಲ್ಲಿ ಮಲಗಿಸಿ ಯಾವ ತಾಯಿ ಕಸ ಗುಡಿಸುತ್ತಾಳೆ? ಅಂಥದ್ದಕ್ಕೆ ತಾನೇ ಚಪ್ಪಾಳೆ ತಟ್ಟಿದೆನಲ್ಲ ಎಂದು ಅವಳ ಮೈ ಉರಿದುಹೋಯಿತು. ಉರಿಯ ಹಿಂದೆಯೇ, ಹಾಳಾದ್ದು, ನಗುವೂ ಒತ್ತರಿಸಿ ಬಂತು.

ಅವಳು ಮತ್ತೆ ಚಪ್ಪಾಳೆ ತಟ್ಟಿದಳು. ನಿಲ್ಲಿಸಲಿಲ್ಲ. ಸೊಸೆ ಸೇರಿಕೊಂಡಳು, ಸಾಲು ಸೇರಿತು. ಮೆಂಬರ್ ಮೊದಲು ಕೈ ಮುಗಿದು ಹಲ್ಲು ಕಿರಿದ. ಬಾಯಿ ತೆರೆದರೆ ಚಪ್ಪಾಳೆ, ಮುಚ್ಚಿದರೆ ಚಪ್ಪಾಳೆ. ಮ್ಯಾನೇಜರ್ ಸಾಕು ಎಂದು ಎರಡೂ ಕೈ ಬೀಸಿದ. ಎರಡು ಕೈಗೆ ಎರಡರಷ್ಟು ಜೋರಾಗಿ ತಟ್ಟಿದರು. ಫೋಟೋದವನಂತೂ ಕ್ಯಾಮೆರಾ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕ.

"ಏನಮ್ಮಾ ಬೇಕು ನಿಮಗೆ?" ಎಂದು ಮೆಂಬರ್ ಕೊನೆಗೆ ಮೈಕಿನಲ್ಲೇ ಕೇಳಿದ.

ಕಿಸಕ್ಕ ಕೈ ನಿಲ್ಲಿಸಿ ಎದ್ದು ನಿಂತಳು. "ಆ ರೂಮು ಮುಟ್ಟಲ್ಲ ಅಂತ ಇದೇ ಮೈಕಲ್ಲಿ ಹೇಳಿ ಸ್ವಾಮಿ. ಅದಕ್ಕೂ ತಟ್ತೀವಿ."

ಮೆಂಬರನ ಮುಖ ಇಂಗು ತಿಂದ ಮಂಗನಂತಾಯಿತು. ಕಲೆ, ಊರಿನ ಘನತೆ ಎಂದೇನೋ ತೊದಲಿದ. ಚಪ್ಪಾಳೆ ಮತ್ತೆ ಮೊದಲಾಯಿತು. ಶಲ್ಯ ಕೊಡವಿಕೊಂಡು ಅವನು ಹಿಂಬಾಗಿಲಿನಿಂದ ಹೊರಟೇಹೋದ; ಮುಟ್ಟುತ್ತೇನೆ ಎನ್ನಲಿಲ್ಲ, ಮುಟ್ಟುವುದಿಲ್ಲ ಎಂದೂ ಅನ್ನಲಿಲ್ಲ.

ಮ್ಯಾನೇಜರ್ ಕೆಂಡವಾಗಿ ಓಡಿಬಂದ. ಸೀರೆ ಬಿಚ್ಚಿಕೊಡಬೇಕಂತೆ, ಹಾಲ್ ಗುಡಿಸಬೇಕಂತೆ, ನಾಳೆಯಿಂದ ಒಬ್ಬಳೂ ಈ ಕಡೆ ತಲೆ ಹಾಕಬಾರದಂತೆ. "ಏಳ್ರೇ ಬೋಳಿ ಮುಂಡೇರಾ," ಎಂದ.

ಯಾರೂ ಏಳಲಿಲ್ಲ. ಸೊಸೆ ಮಾತ್ರ ಹಿಂದಿನ ಕೋಣೆಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು, ಮೊದಲ ಸಾಲಿನ ನಡುವೆ ಕೂತು, ಜರಿ ಸೆರಗಿನ ಮರೆಯಲ್ಲಿ ಹಾಲೂಡಿಸತೊಡಗಿದಳು.

ಕಿಸಕ್ಕ ಕಣ್ಣೀರು ಬರುವಷ್ಟು ನಗುತ್ತ ಸೀಟಿಗೆ ಒರಗಿದಳು. "ಗುಡಿಸೋದು ಜನ ಎದ್ದು ಹೋದ್ಮೇಲೆ ಅಲ್ವಾ ಸಾರ್? ನೀವೇ ನಮ್ಮನ್ನ ಜನ ಅಂತ ಕೂರಿಸಿದ್ದು. ಜನ ಇನ್ನೂ ಎದ್ದಿಲ್ಲ."