ಕಾಡಪ್ಪನ ಕೊಸರು

ಮಧ್ಯಾಹ್ನ ಎರಡಕ್ಕೆ ಮುಂಬಯಿಯಿಂದ ಫೋನು ಬಂದಾಗ ಕಾಡಪ್ಪ ಹುರಿದ ಶೇಂಗಾದ ಸಿಪ್ಪೆ ತೂರುತ್ತಿದ್ದ. ಸೊಸೆ ರಂಜನಾ ಮಾತಾಡುತ್ತ ಮಾತಾಡುತ್ತಲೇ ಕುರ್ಚಿ ಎಳೆದುಕೊಂಡು ಕೂತಳು. ಮ್ಯಾಂಚೆಸ್ಟರಿಗೆ ಹೊರಟಿದ್ದ ಶೇಂಗಾ ಚಟ್ನಿಪುಡಿಯ ಇಪ್ಪತ್ತು ಪೆಟ್ಟಿಗೆಗಳನ್ನು ಅಲ್ಲಿಯ ಸರಕು ತಪಾಸಣೆಯವರು ತಡೆದಿದ್ದರು. ಕಾಗದದಲ್ಲಿ ಬರೆದದ್ದಕ್ಕಿಂತ ಪ್ರತಿ ಪೆಟ್ಟಿಗೆಯೂ ಮುನ್ನೂರು ಗ್ರಾಂ ಹೆಚ್ಚು ತೂಗುತ್ತಿತ್ತು. ಪುಡಿಯ ಜೊತೆ ಇನ್ನೇನು ಅಡಗಿಸಿದ್ದೀರಿ ಎಂದು ಅವರ ಪ್ರಶ್ನೆ.

ರಂಜನಾ ಆಫೀಸಿನ ಕೆಲಸ ಬಿಟ್ಟು, ಮನೆಯ ಹಿಂದೆ ಶೆಡ್ಡು ಹಾಕಿ, ವರ್ಷವಿಡೀ ಹುರಿದು ಕುಟ್ಟಿ ಗಳಿಸಿದ ಮೊದಲ ದೊಡ್ಡ ಆರ್ಡರು ಅದು. ಮ್ಯಾಂಚೆಸ್ಟರಿನಲ್ಲಿ ಹೆಲೆನ್ ಎಂಬಾಕೆಯ ಊಟದ ಅಂಗಡಿಯಿದೆ. ಅಲ್ಲಿಯ ಜನ ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಸವರಿ, ಮೇಲೆ ನಮ್ಮ ಚಟ್ನಿಪುಡಿ ಉದುರಿಸಿ ತಿನ್ನುತ್ತಾರಂತೆ. ರೊಟ್ಟಿಯಿಲ್ಲದೆ ಚಟ್ನಿಪುಡಿ ತಿನ್ನುವವರನ್ನು ನೆನೆದು ಕಾಡಪ್ಪನಿಗೆ ಮರುಕವೇ ಆಗಿತ್ತು. ಈಗ ಮರುಕ ತಿರುಗಿ ತನ್ನ ಮನೆಯ ಮೇಲೇ ಬಂತು. ಸರಕು ವಾಪಸಾದರೆ ಹೆಲೆನ್ ಬೇರೆಯವರನ್ನು ನೋಡಿಕೊಳ್ಳುತ್ತಾಳೆ, ಶೆಡ್ಡಿಗೆ ಬೀಗ ಬೀಳುತ್ತದೆ.

ರಂಜನಾ ತಕ್ಕಡಿ ಪರೀಕ್ಷಿಸಿದಳು. ಸರಿಯಾಗಿತ್ತು. ಉಳಿದಿದ್ದ ಒಂದು ಪೊಟ್ಟಣ ಒಡೆದು ಪುಡಿ ತೂಗಿದಳು. ಮೇಲೆ ಇನ್ನೂರು ಗ್ರಾಂ ಎಂದು ಅಚ್ಚಾಗಿತ್ತು, ಒಳಗೆ ಇನ್ನೂರ ಹತ್ತು ಇತ್ತು. ಇನ್ನೊಂದೂ ಅಷ್ಟೇ.

ಪೊಟ್ಟಣದ ಬಾಯಿ ಮುಚ್ಚುವ ಕೆಲಸದ ಭಾಮಾಳ ಕಡೆ ತಿರುಗಿದಳು. "ಮಾವಾರ ತೂಕ ಮೂವತ್ತು ವರ್ಷದಾಗ ತಪ್ಪಿಲ್ಲ. ಬಾಯಿ ಮುಚ್ಚೂ ಮುಂದ ನೀ ಏನರ ಹಾಕಿದೇನು?"

"ನಾ ಯಾಕ ಹಾಕಲಿ ಅಕ್ಕಾರ?" ಭಾಮಾಳ ಕಣ್ಣು ತುಂಬಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾಡಪ್ಪ ತನ್ನ ಬಲಗೈ ನೋಡಿಕೊಂಡ. ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ತೂಗಿದ ಕೈ ಅದು. ತಕ್ಕಡಿ ಸಮ ನಿಂತ ಮೇಲೆ ಚೂರು ಕೊಸರು ಹಾಕದೆ ಯಾವ ಗಿರಾಕಿಯನ್ನೂ ಕಳಿಸಿದ್ದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಇಲ್ಲಿಯೂ ಪ್ರತಿ ಪೊಟ್ಟಣಕ್ಕೆ ಇನ್ನೂರು ತೂಗಿ, ಮೇಲೊಂದು ಚಮಚ ಹಾಕಿ, ನೆಮ್ಮದಿಯಿಂದ ಭಾಮಾಳ ಕಡೆ ಸರಿಸಿದ್ದ.

ಹೇಳಿದರೆ ತಕ್ಕಡಿ ಕೈತಪ್ಪುತ್ತದೆಂದು ಅವನಿಗೆ ಭಯವಾಯಿತು. ಹೆಂಡತಿ ಪಾರವ್ವ ತೀರಿಕೊಂಡ ಮೇಲೆ ಬೆಳಿಗ್ಗೆ ಏಳಲು ಅವನಿಗಿದ್ದ ಕಾರಣ ಅದೊಂದೇ. ಆದರೂ ಭಾಮಾಳ ಮುಖ ನೋಡಿ ಸುಮ್ಮನಿರಲು ಆಗಲಿಲ್ಲ.

"ಆಕಿಗೆ ಅನಬ್ಯಾಡವಾ," ಎಂದ. "ಕೊಸರು ನಾ ಹಾಕೇನಿ."

"ಆರನೂರು ಪೊಟ್ಟಣಕ್ಕೂ?"

"ಅಷ್ಟ ದೂರದ ಗಿರಾಕಿ. ಬರೋಬ್ಬರಿ ತೂಗಿ ಕೊಟ್ರ ನಮ್ಮ ಬಗ್ಗೆ ಏನ ತಿಳಕೊಂಡಾರು?"

ರಂಜನಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭಾಮಾಳ ಹೆಗಲು ಸವರಿ, ಹೆಲೆನ್‌ಗೆ ಫೋನು ಹಚ್ಚಿದಳು. ಕಾಡಪ್ಪ ಬಾಗಿಲ ಬಳಿ ನಿಂತು, ಅರ್ಥವಾಗದ ಇಂಗ್ಲಿಷಿನ ನಡುವೆ 'ಕೊಸರು' ಎಂಬ ಒಂದೇ ಮಾತನ್ನು ಎರಡು ಸಲ ಕೇಳಿಸಿಕೊಂಡ. ಆಮೇಲೆ ಆ ಕಡೆಯಿಂದ ನಗು ಕೇಳಿಸಿತು.

"ಹೊಸ ತೂಕ ಒಪ್ಪಿಗಿ ಅದ ಅಂತ ಈಗ ಬರದು ಕಳಸ್ತಾಳಂತ," ಎಂದಳು ರಂಜನಾ ಫೋನಿಟ್ಟು. "ಅಕಿ ಅಜ್ಜಂದು ಬೇಕರಿ ಇತ್ತಂತ. ಡಜನ್ ಬನ್ ಕೇಳಿದ್ರ ಹದಿಮೂರು ಕೊಡತಿದ್ನಂತ."

ರಂಜನಾ ತೂಕ ತಿದ್ದಿದ ಕಾಗದವನ್ನೂ ಹೆಲೆನ್ ಬರೆದ ಒಪ್ಪಿಗೆಯನ್ನೂ ಮುಂಬಯಿಗೆ ಕಳಿಸಿದಳು. ಐದು ಗಂಟೆಗೆ ಪೆಟ್ಟಿಗೆಗಳನ್ನು ಬಿಟ್ಟರೆಂದು ಸುದ್ದಿ ಬಂತು. ಕಾಡಪ್ಪನಿಗೆ ಹೋದ ಜೀವ ಬಂದಂತಾಯಿತು. ಭಾಮಾ ಎಲ್ಲರಿಗೂ ಚಹಾ ಮಾಡಿದಳು. ಚಹಾ ಮುಗಿಸಿ ಕಾಡಪ್ಪ ತಾನೇ ತಕ್ಕಡಿಯನ್ನು ಎತ್ತಿ ಸೊಸೆಯ ಮುಂದಿಟ್ಟ.

"ಇನ್ ಮ್ಯಾಲ ನೀನ ತೂಗವಾ."

ಅವಳು ಅದನ್ನು ಹಿಂದಕ್ಕೆ ಸರಿಸಿದಳು. "ನೀವ ತೂಗ್ರಿ. ಪೊಟ್ಟಣದ ಮ್ಯಾಲ ಇನ್ನೂರಾ ಹತ್ತು ಅಂತನ ಅಚ್ಚು ಹಾಕಸ್ತೀನಿ."

ಕಾಡಪ್ಪ ಒಪ್ಪಲಿಲ್ಲ. "ಬರದು ಕೊಟ್ರ ಅದು ತೂಕಾತು. ಕೊಸರು ಎಲ್ಲಿ ಉಳೀತು? ಮತ್ತ ಅದರ ಮ್ಯಾಲ ಹಾಕಬೇಕಾಗತದ."

ಮುಂಬಯಿಯ ಫೋನು ಬಂದ ಮೇಲೆ ಮೊದಲ ಸಲ ರಂಜನಾ ಹೊಟ್ಟೆತುಂಬ ನಕ್ಕಳು. "ಆತು ಬಿಡ್ರಿ. ಪೊಟ್ಟಣದ ಮ್ಯಾಲ ಇನ್ನೂರ ಇರಲಿ. ನಿಮ್ಮ ಹತ್ತು ಸರಕಿನ ಕಾಗದದಾಗ ನಾ ಬರಕೋತೀನಿ."

ಕಾಡಪ್ಪ ತಕ್ಕಡಿ ಎಳೆದುಕೊಂಡು ಕೂತು ಪುಡಿ ಸುರಿದ. ಇನ್ನೂರಕ್ಕೆ ನಿಂತಿತು. ಸೊಸೆಯ ಎದುರಿಗೇ ಮೇಲೊಂದು ಚಮಚ ಹಾಕಿದ.