ಎರಡು ಚಕ್ರ, ಒಂದೇ ದಿಕ್ಕು

ಟ್ರೇ ತುಂಬ ಗೇರ್ ಎಣ್ಣೆ ಹಾಗೇ ಇತ್ತು. ಅದರಲ್ಲಿ ನೆನೆಯಲು ಬಿಟ್ಟು ಹೋಗಿದ್ದ, ಕಾರಿಗೆ ಹಾಕಬೇಕಾದ ಹೊಸ ಪ್ಲೇಟುಗಳು ಮಾತ್ರ ನಾಪತ್ತೆ.

“ಅಪ್ಪಾ, ಪ್ಲೇಟ್‌ಗಳೆಲ್ಲಿ?”

“ಎಲ್ಲಾ ಒರೆಸಿ ಒಳಗೆ ಜೋಡಿಸ್ಬಿಟ್ಟೆ ಪುಟ್ಟಿ. ಒಂದು ತೊಟ್ಟು ಎಣ್ಣೆ ಉಳಿಸಿಲ್ಲ ನೋಡು,” ಅಂದರು ಅಪ್ಪ, ಬಹುಮಾನ ಗೆದ್ದವರ ಹಾಗೆ.

ನನಗೆ ಪಿತ್ತ ನೆತ್ತಿಗೇರಿತು. ಡ್ರೈವಿಂಗ್ ಕಲಿಸುವವಳು ನಾನು. ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿಯುವವರನ್ನೂ ದಿನಾ ನಗುನಗುತ್ತಾ ಸಹಿಸಿಕೊಳ್ಳುತ್ತೇನೆ. ಮನೆಗೆ ಬರುವಷ್ಟರಲ್ಲಿ ಆ ತಾಳ್ಮೆಯೆಲ್ಲ ಖಾಲಿ. ಅಪ್ಪನೋ ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದವರು. ಗಡಿಯಾರಕ್ಕೆ ಸೂಜಿಮೊನೆಯಷ್ಟು ಎಣ್ಣೆ ಸಾಕು, ಜಾಸ್ತಿಯಾದರೆ ಕೆಟ್ಟು ಕೂರುತ್ತದೆ. ಎಣ್ಣೆಯಲ್ಲಿ ಮುಳುಗಿದ ಪ್ಲೇಟು ಕಂಡು ಅವರ ಜೀವ ತಡೆದಿರಲಿಕ್ಕಿಲ್ಲ.

“ಇದು ಗಡಿಯಾರ ಅಲ್ಲಪ್ಪಾ! ಒಣ ಪ್ಲೇಟ್ ಹಾಕಿ ಓಡಿಸಿದ್ರೆ ಸುಟ್ಟು ಕರಕಲಾಗುತ್ತೆ. ಮಧ್ಯಾಹ್ನ ಭಾವ ಬರ್ತಾರೆ, ಗೊತ್ತಲ್ಲ?”

ಗೊತ್ತಿತ್ತು. ಅಪ್ಪನ ಮುಖ ಬಾಡಿಹೋಯಿತು.

ಭಾವ ಅಂದರೆ ಅಕ್ಕನ ಗಂಡ. ಕಾರು ನಿಲ್ಲಿಸುವ ಶೆಡ್ಡು ಅವರದು. ಹೋದ ತಿಂಗಳು ಕಲ್ಲುಕ್ವಾರಿಯ ಏರಿನಲ್ಲಿ, ಅವರ ಕಣ್ಣೆದುರೇ, ನಮ್ಮ ‘ಎಮ್ಮೆ’ ಕೆಸರಲ್ಲಿ ಕೂತುಬಿಟ್ಟಿತ್ತು. ನನ್ನ ಹಳೇ ಕಾರಿಗೆ ಮನೆಯವರು ಇಟ್ಟ ಹೆಸರು ಅದು. ಹಿಂದಿನ ಎಡಚಕ್ರ ಗಿರಗಿರ ತಿರುಗುತ್ತಿತ್ತು, ಬಲಚಕ್ರ ಕರೆಯದೆ ಬಂದ ನೆಂಟನಂತೆ ಸುಮ್ಮನಿತ್ತು. ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೂ ಬಲ ಮುಟ್ಟಿಸಬೇಕಾದ ಡಿಫರೆನ್ಷಿಯಲ್‌ನ ಪ್ಲೇಟುಗಳು ಪೂರ್ತಿ ಸವೆದಿದ್ದವು. “ಗುಜರಿಗೆ ಹಾಕು, ಶೆಡ್ಡಾದ್ರೂ ಖಾಲಿಯಾಗುತ್ತೆ,” ಅಂದರು ಭಾವ. ಹೊಸ ಪ್ಲೇಟು ಹಾಕಿ ಅದೇ ಏರು ಹತ್ತಿಸುತ್ತೇನೆ, ಹತ್ತದಿದ್ದರೆ ನಾನೇ ಕೀ ಕೊಡುತ್ತೇನೆ ಅಂತ ಪಂಥ ಕಟ್ಟಿದ್ದೆ. ಸ್ಟಿಯರಿಂಗ್ ಹಿಡಿಯಲು ನಾನು ಕಲಿತದ್ದೇ ಆ ಕಾರಿನಲ್ಲಿ. ಅದನ್ನು ಎಳೆದುಕೊಂಡು ಹೋಗಲು ಭಾವ ಆಗಲೇ ಗುಜರಿಯವನಿಗೆ ಹೇಳಿಟ್ಟಿದ್ದರು.

“ಬಿಚ್ಚೋಣ, ನಡಿ,” ಅಂದರು ಅಪ್ಪ, ತೋಳು ಮಡಿಸುತ್ತಾ.

ಬಿಚ್ಚಿದೆವು. ಒಂದೊಂದೇ ಪ್ಲೇಟನ್ನು ಚಿಮಟದಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ, ಅಪ್ಪ ಎಣ್ಣೆಗೆ ಇಳಿಸಿದರು. ಸಿಟ್ಟಿನ ನಡುವೆಯೂ ನನಗೆ ನಗು ಉಕ್ಕಿ ಬಂತು. ಚೆನ್ನಾಗಿ ನೆಂದ ಮೇಲೆ ನಾನು ಕೊಡುತ್ತಾ ಹೋದೆ, ಅವರು ಕೂರಿಸುತ್ತಾ ಹೋದರು. ಒಂದು ಉಕ್ಕಿನ ಪ್ಲೇಟು, ಒಂದು ಒರಟು ಪ್ಲೇಟು, ಮತ್ತೆ ಉಕ್ಕಿನದು. ಎಣ್ಣೆ ಮೊಣಕೈವರೆಗೂ ಇಳಿಯುತ್ತಿದ್ದರೂ ಅಪ್ಪ ಒರೆಸುವ ಬಟ್ಟೆ ಮುಟ್ಟಲಿಲ್ಲ.

ಎಲ್ಲ ಬಿಗಿದು, ಹಿಂದಿನ ಎರಡೂ ಚಕ್ರ ನೆಲಬಿಟ್ಟು ಮೇಲಿರುವಂತೆ ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರು ಬಿಡಿಸಿದೆ. ಎಡಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಮೊದಲೆಲ್ಲ ಬಲಚಕ್ರ ಹಠಮಾರಿಯಂತೆ ಹಿಂದಕ್ಕೆ ತಿರುಗುತ್ತಿತ್ತು. ಈಗ ಎರಡೂ ಒಂದೇ ಕಡೆ ತಿರುಗಬೇಕು. ಅಪ್ಪ ಆ ಬದಿಯಲ್ಲಿ ಚಕ್ರಕ್ಕೆ ಅಂಗೈ ಒತ್ತಿ ಕೂತರು. ನಾನು ತಿರುಗಿಸಿದೆ.

“ಏನಾಯ್ತಪ್ಪಾ?”

ಇನ್ನೊಂದು ಸುತ್ತು ತಿರುಗಿಸಿದೆ.

“ಮುಂದಕ್ಕೆ! ಪುಟ್ಟಿ, ಇದೂ ಮುಂದಕ್ಕೇ ಬರ್ತಿದೆ ಕಣೇ!”

ನಾನು ಕಿರುಚಿದ ರಭಸಕ್ಕೆ ಆಗಷ್ಟೇ ಬಂದಿದ್ದ ಭಾವ ಬಾಗಿಲಲ್ಲೇ ನಿಂತುಬಿಟ್ಟರು. “ಯಾರಿಗೇನಾಯ್ತು?”

“ಎಮ್ಮೆ ಎದ್ದಿದೆ, ಹತ್ತಿ ಭಾವ!”

ಕ್ವಾರಿಯ ಬುಡದಲ್ಲಿ ಅಪ್ಪ ಇಳಿದುಕೊಂಡರು. ಭಾವ ನನ್ನ ಪಕ್ಕದಲ್ಲಿ ಹಿಡಿಕೆ ಬಿಗಿಹಿಡಿದು ಕೂತರು. ಅರ್ಧ ಏರು ಹತ್ತಿದೆವು. ಅದೇ ಹಳ್ಳ, ಅದೇ ಕೆಸರು. ಎಡಚಕ್ರ ಜಾರಿತು, ಎಂಜಿನ್ ಅರಚಿತು.

“ಆಯ್ತು ಬಿಡು, ಪಾಪ,” ಅಂದರು ಭಾವ.

ನಾನು ಕಾಲು ತೆಗೆಯಲಿಲ್ಲ. ಬಲಗಡೆಯಿಂದ ಯಾರೋ ಬೆನ್ನಿಗೆ ಗುದ್ದಿದಂತಾಯಿತು. ಕಾರು ಒಮ್ಮೆ ಅಲುಗಾಡಿ, ಕೆಸರು ಎರಚಿ, ಹಳ್ಳದಿಂದ ಎದ್ದು ಹೊರಟೇಬಿಟ್ಟಿತು. ಅಯ್ಯೋ, ಆ ಖುಷಿ! ತುದಿ ತಲುಪುವವರೆಗೂ ಕೂಗುತ್ತಲೇ ಇದ್ದೆ.

ಭಾವ ಫೋನ್ ತೆಗೆದು ಗುಜರಿಯವನಿಗೆ “ಬರೋದು ಬೇಡಪ್ಪ” ಅಂದರು. ಆಮೇಲೆ ನನ್ನ ಕಡೆ ನೋಡದೆ, “ಗಾಡಿ ಕೆಳಗಿಳಿಸು. ಒಂದ್ಸಲ ನಾನು ಹತ್ತಿಸ್ತೀನಿ,” ಅಂದರು.

ಕೆಳಗೆ ಬಂದರೆ ಅಪ್ಪ ಏರಿಗೆ ಬೆನ್ನು ಹಾಕಿ ನಿಂತಿದ್ದಾರೆ. ನೋಡುವ ಧೈರ್ಯವಿಲ್ಲದೆ, ಬರೀ ಸದ್ದಿಗೆ ಕಿವಿಕೊಟ್ಟು ನಿಂತಿದ್ದರಂತೆ. ಓಡಿಹೋಗಿ ತಬ್ಬಿಕೊಂಡೆ. ಎಣ್ಣೆಗೈ ನನ್ನ ಬಟ್ಟೆಗೆ ತಾಗದಂತೆ ದೂರ ಚಾಚಿಕೊಂಡೇ ಕೇಳಿದರು:

“ಡಬ್ಬೀಲಿ ಇನ್ನೂ ಸ್ವಲ್ಪ ಎಣ್ಣೆ ಉಳಿದಿದೆ. ಹಾಕ್ಲೇನೇ?”